ಪ್ಯಾರಾಲೀಗಲ್ ಸರ್ಟಿಫಿಕೇಟು: ಒಬ್ಬ ಬಿ.ಕಾಂ. ಪದವೀಧರೆಯ ಲಾಭ-ನಷ್ಟದ ಲೆಕ್ಕ

ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ (ಪಾಠದ ಪ್ರಮಾಣ ಅಳೆಯುವ ಮಾನ) ಒಂದಕ್ಕೆ 46 ಡಾಲರ್ ಶುಲ್ಕ. ಪ್ಯಾರಾಲೀಗಲ್, ಅಂದರೆ ವಕೀಲರ ಕೈಕೆಳಗೆ ಕಾನೂನು ಕೆಲಸ ಮಾಡುವ ಸಹಾಯಕಿ, ಎಂದು ಕರೆಸಿಕೊಳ್ಳಲು ಇಲ್ಲಿನ ಕಾನೂನು ತೋರಿಸುವ ದಾರಿಗಳಲ್ಲೊಂದು, ಕಾನೂನಿಗೆ ಸಂಬಂಧಿಸಿದ ಕನಿಷ್ಠ 24 ಯೂನಿಟ್ ಓದಿ ಸರ್ಟಿಫಿಕೇಟು ಪಡೆಯುವುದು. ಗುಣಿಸಿದರೆ 1,104 ಡಾಲರ್. ಅಮೆರಿಕದಲ್ಲಿ ಇದಕ್ಕಿಂತ ಅಗ್ಗದ ವಿದ್ಯೆ ಸಿಗುವುದಿಲ್ಲ ಎಂದು ಮನೆಯವರಿಗೆ ಹೇಳಿ ಸೇರಿಕೊಂಡೆ. ಬಿ.ಕಾಂ. ಓದಿದವಳು ಖರ್ಚಿನ ಕಲಂನಲ್ಲಿ ಒಂದೇ ಸಾಲು ಬರೆದು ಗೆರೆ ಎಳೆದಿದ್ದೆ.

ಪುಸ್ತಕಗಳು, ಪಾರ್ಕಿಂಗ್ ಪರ್ಮಿಟ್, ಸಂಜೆ ತರಗತಿಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರಿಗೆ ಕೊಟ್ಟ ಹಣ, ಇವೆಲ್ಲ ಆಮೇಲೆ ಬಂದವು. ಮಗುವಿನ ಬಾಬತ್ತೊಂದೇ ಶುಲ್ಕವನ್ನು ಮೀರಿತು. ಇದ್ಯಾವುದೂ ನನಗೆ ಚುಚ್ಚಿದ್ದಲ್ಲ. ಚುಚ್ಚಿದ್ದು ಕೆಲಸಕ್ಕೆ ಸೇರಿದ ಮೇಲೆ, ಎದುರು ಪಕ್ಷದ ಅರ್ಜಿಗೆ ನಮ್ಮ ಆಪೊಸಿಷನ್, ಅಂದರೆ ವಿರೋಧದ ಉತ್ತರ, ಕೋರ್ಟಿನಲ್ಲಿ ಫೈಲ್ ಮಾಡಿದ ರಾತ್ರಿ.

ನಮ್ಮದು ಸಿವಿಲ್ ಮೊಕದ್ದಮೆ ನಡೆಸುವ ಸಣ್ಣ ವಕೀಲರ ಕಚೇರಿ. ಎದುರು ಪಕ್ಷದವರು ಮೋಷನ್ ಟು ಕಂಪೆಲ್ ಹಾಕಿದ್ದರು, ಅಂದರೆ ತಾವು ಕೇಳಿದ ಮಾಹಿತಿ ಕೊಡುವಂತೆ ನಮಗೆ ಆದೇಶಿಸಿ ಎಂದು ಕೋರ್ಟಿಗೆ ಅರ್ಜಿ. ವಿಚಾರಣೆಗೆ ಒಂಬತ್ತು ಕೋರ್ಟ್ ದಿನ ಮುಂಚೆ ನಮ್ಮ ಆಪೊಸಿಷನ್ ಒಳಗೆ ಹೋಗಬೇಕು. ದಿನ ಎಣಿಸಿದವಳು ನಾನೇ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಅಟಾರ್ನಿ (ವಕೀಲರು) ಕರಡನ್ನು ಕೈಗೆ ಕೊಟ್ಟಾಗ ರಾತ್ರಿ ಒಂಬತ್ತು ದಾಟಿತ್ತು, ಅದೂ ಅವರ ಅಭ್ಯಾಸವೇ. ನಮ್ಮ ವಾದದ ಮೆಮೊರಾಂಡಮ್ ಹತ್ತು ಪುಟ ಮೀರಿದ್ದರಿಂದ ಟೇಬಲ್ ಆಫ್ ಅಥಾರಿಟೀಸ್, ಅಂದರೆ ಅದರಲ್ಲಿ ಉಲ್ಲೇಖಿಸಿದ ತೀರ್ಪು, ಕಾನೂನುಗಳ ಪಟ್ಟಿ, ಬೇಕಿತ್ತು. ತರಗತಿಯಲ್ಲಿ ನನಗೆ ಒಳ್ಳೆಯ ಅಂಕ ಬಂದದ್ದು ಇದರಲ್ಲೇ. ಕುಳಿತುಬಿಟ್ಟೆ. ಒಂದೊಂದು ಸೈಟೇಷನ್ನಿನ (ಉಲ್ಲೇಖದ) ಅಲ್ಪವಿರಾಮ, ಇಟಾಲಿಕ್ಸ್, ಪುಟಸಂಖ್ಯೆ ನೋಡುತ್ತಾ ಹೋದೆ. ಪಂಕ್ತಿಯಲ್ಲಿ ಜನ ಕುಳಿತ ಮೇಲೂ ಬಾಗಿಲಲ್ಲಿ ರಂಗೋಲಿ ತಿದ್ದುತ್ತಿದ್ದ ಹಾಗೆ.

ಎಕ್ಸಿಬಿಟ್‌ಗಳೆಲ್ಲ (ಜೊತೆಗೆ ಲಗತ್ತಿಸುವ ಸಾಕ್ಷ್ಯದ ಕಾಗದಗಳು) ಒಂದೇ ಸ್ಕ್ಯಾನ್ ಆಗಿ ಬಿದ್ದಿದ್ದವು. ಬುಕ್‌ಮಾರ್ಕ್ ಇಲ್ಲ, ಪಠ್ಯ ಹುಡುಕಲು ಬರುವುದಿಲ್ಲ, ಪುಟ ಗುರುತಿಸಲು ಒತ್ತುವ ಬೇಟ್ಸ್ ಕ್ರಮಸಂಖ್ಯೆ ಕೆಲವು ಪುಟಗಳಲ್ಲಿ ಅಂಚಿಗೆ ಕತ್ತರಿಸಿಹೋಗಿದೆ. ಹನ್ನೊಂದೂವರೆಗೆ ಕೋರ್ಟಿಗೆ ದಾಖಲೆ ಸಲ್ಲಿಸುವ ಪೋರ್ಟಲ್ ತೆರೆದು ಅಪ್‌ಲೋಡ್ ಒತ್ತಿದೆ. ಫೈಲ್ ದೊಡ್ಡದಾಯಿತು ಎಂದು ಕೆಂಪಕ್ಷರ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಪೋರ್ಟಲ್ ಮಾಡಿದವರಿಗೆ ಈ ಮಾತನ್ನು ಇಡೀ ಫೈಲ್ ಏರಿದ ಮೇಲೆ ಹೇಳುವ ಬದಲು ಮೊದಲೇ ಹೇಳಬೇಕೆಂದು ತೋಚದಿದ್ದದ್ದು ಏಕೋ ತಿಳಿಯದು. ರಾತ್ರಿ 11:59:59ರವರೆಗೆ ಬಂದದ್ದೆಲ್ಲ ಆ ದಿನದ್ದೇ ಎಂದು ನಿಯಮ. ಆ ಸೆಕೆಂಡುಗಳು ನನಗೆ ಕಂಠಪಾಠ. ಫೈಲ್ ಒಡೆಯುವುದು ಹೇಗೆಂದು ಗೊತ್ತಿರಲಿಲ್ಲ. ಯಾವ ಯೂನಿಟ್‌ನಲ್ಲೂ ಅದು ಇರಲಿಲ್ಲ.

ಪಕ್ಕದ ಮೇಜಿನ ಸಹೋದ್ಯೋಗಿ ಮನೆಗೆ ಹೊರಡಲು ಕೋಟು ಹಾಕಿಕೊಂಡಿದ್ದಳು. ನನ್ನ ಮುಖ ನೋಡಿ ಬಂದು, ಕೋಟು ತೆಗೆಯದೆಯೇ ಕುಳಿತಳು. ಎಕ್ಸಿಬಿಟ್‌ಗಳನ್ನು ನಾಲ್ಕು ತುಂಡು ಮಾಡಿದಳು, ಗಾತ್ರ ಇಳಿಸಿದಳು, ಬುಕ್‌ಮಾರ್ಕ್ ಹಾಕಿದಳು, ಪ್ರೂಫ್ ಆಫ್ ಸರ್ವಿಸ್‌ನಲ್ಲಿ (ಎದುರು ಪಕ್ಷಕ್ಕೆ ಪ್ರತಿ ಕಳಿಸಿದ್ದಕ್ಕೆ ಪುರಾವೆ ಪತ್ರ) ನಾನು ಬಿಟ್ಟಿದ್ದ ಇಮೇಲ್ ವಿಳಾಸವನ್ನೂ ತುಂಬಿಸಿದಳು. ನಾನು ಹಿಂದೆ ನಿಂತು ಗೋಡೆ ಗಡಿಯಾರ ನೋಡುತ್ತಿದ್ದೆ. ಸಲ್ಲಿಕೆಯ ರಸೀದಿ ಬಂದಾಗ ದಿನ ಮುಗಿಯಲು ಎರಡು ಮೂರು ನಿಮಿಷ ಉಳಿದಿತ್ತು. ಮರುದಿನ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: ಓವರ್‌ಟೈಮಿಗೆ ಮೊದಲೇ ಅನುಮತಿ ಏಕೆ ಪಡೆಯಲಿಲ್ಲ? ಕ್ಲೈಂಟ್‌ಗೆ ಮಾತ್ರ ಆರು ನಿಮಿಷಕ್ಕೊಂದು ಪಾಯಿಂಟ್ ಒನ್‌ನಂತೆ (ಗಂಟೆಯ ಹತ್ತನೆಯ ಒಂದು ಭಾಗ) ಅಷ್ಟೂ ಹೊತ್ತು ಬಿಲ್ ಆಗಿತ್ತು, ನನ್ನ ಗಂಟೆಯ ಸಂಬಳದ ಹಲವು ಪಟ್ಟು ದರದಲ್ಲಿ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಆ ಸಹೋದ್ಯೋಗಿಯನ್ನು ಯಾವ ಕಾಲೇಜು ಎಂದು ಕೇಳಿದೆ. ಯಾವುದೂ ಅಲ್ಲವಂತೆ. ಇತಿಹಾಸದಲ್ಲಿ ಬಿ.ಎ., ಪರಿಚಯದವರ ಮೂಲಕ ಒಂದು ಕಚೇರಿಯ ಮುಂಭಾಗದಲ್ಲಿ ಫೋನ್ ಎತ್ತುವ ಕೆಲಸ, ಒಂದು ವರ್ಷ ಕಾನೂನು ಕಡತಗಳ ಕೆಲಸ, ಕೊನೆಗೆ ಪ್ಯಾರಾಲೀಗಲ್ ಕೆಲಸಕ್ಕೆ ಅರ್ಹಳೆಂದು ಅಟಾರ್ನಿಯ ಸಹಿಯಿದ್ದ ಒಂದು ಘೋಷಣಾಪತ್ರ. ಮುಗಿಯಿತು. ಗಂಟೆಗೆ ಅವಳಿಗೂ ನನಗೂ ಒಂದೇ ಸಂಬಳ.

ರಾಜ್ಯದ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡಿನ 6450ನೆಯ ಸೆಕ್ಷನ್ನಿನಲ್ಲಿ ಇದು ಸ್ಪಷ್ಟವಾಗಿದೆ. ಯಾವ ವಿಷಯದಲ್ಲಾದರೂ ಪದವಿ, ಅರ್ಹ ಅಟಾರ್ನಿಯ ಕೈಕೆಳಗೆ ಒಂದು ವರ್ಷದ ಅನುಭವ, ಅವರ ಲಿಖಿತ ಘೋಷಣೆ. ಇದನ್ನು ನಮಗೆ ಮೊದಲ ವಾರದಲ್ಲೇ ಓದಿಸಿದ್ದರು. ಸರ್ಟಿಫಿಕೇಟಿನ ಉಪವಿಧಿಗಳಿಗೆ ಹಳದಿ ಬಣ್ಣ ಬಳಿದು ಮುಂದಿನದನ್ನು ನಾನು ಹಾರಿಸಿದ್ದೆ. ಶುಲ್ಕ ಕಟ್ಟಿಯಾಗಿತ್ತಲ್ಲ.

ಹಾಗಾದರೆ ಆ ಸಂಜೆಗಳೆಲ್ಲ ದಂಡವೇ? ಕೆಲವು ದಿನ ಹಾಗೆಂದೇ ಕೊರಗಿದೆ. ಈಗ ಹಾಗನ್ನಿಸುವುದಿಲ್ಲ. ಸರ್ಟಿಫಿಕೇಟಿಗೆ ಮೊದಲೂ ನಾನು ಕಚೇರಿಗಳಿಗೆ ಅರ್ಜಿ ಹಾಕಿದ್ದೆ, ಮೈಸೂರಿನ ಬಿ.ಕಾಂ.ಗೆ ಯಾರೂ ಉತ್ತರ ಬರೆದಿರಲಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ (ವಕೀಲರ ಸಂಘ) ಮಾನ್ಯ ಮಾಡಿದ ಕಾರ್ಯಕ್ರಮ ಎಂಬ ಸಾಲು ಸೇರಿದ ಮೇಲೆ ಫೋನ್ ಬಂತು. ಅವಳಿಗೆ ಪರಿಚಯದವರು ಮಾಡಿಕೊಟ್ಟ ಕೆಲಸವನ್ನು ನನಗೆ ಕಾಗದ ಮಾಡಿಕೊಟ್ಟಿತು. ಬಾಗಿಲು ದಾಟಿದ ಮೇಲೆ ಆ ಕಾಗದಕ್ಕೆ ಯಾರೂ ಒಂದು ಡಾಲರ್ ಹೆಚ್ಚು ಕೊಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ನೀತಿಸಂಹಿತೆಯಲ್ಲಿ ನಾಲ್ಕು ಗಂಟೆ, ಕಾನೂನಿನಲ್ಲಿ ನಾಲ್ಕು ಗಂಟೆ ಶಿಕ್ಷಣ ಪಡೆದು ದಾಖಲೆ ಇಟ್ಟುಕೊಳ್ಳುವುದೂ ನಮ್ಮದೇ ಹೊಣೆ; ನಮ್ಮ ಕಚೇರಿಯಂತೂ ಅದರ ಹಣ ಕೊಡುವುದಿಲ್ಲ.

ಕನ್ನಡ ಕೂಟದ ಹುಡುಗಿಯೊಬ್ಬಳು ಮೊನ್ನೆ ಕಾಲೇಜಿನ ಕೈಪಿಡಿ ಹಿಡಿದು, "ಅಕ್ಕಾ, 61,010 ಡಾಲರ್ ಸಂಬಳ ಅಂತ ಇದೆ, ಸೇರಲಾ?" ಎಂದು ಕೇಳಿದಳು. ಅದು 2024ರ ಮೇ ತಿಂಗಳ ಲೆಕ್ಕದಲ್ಲಿ ವಾರ್ಷಿಕ ಸಂಬಳದ ರಾಷ್ಟ್ರಮಟ್ಟದ ಮಧ್ಯಮಾಂಕ. ಅಂದರೆ ಅರ್ಧದಷ್ಟು ಜನರ ಗಳಿಕೆ ಅದಕ್ಕಿಂತ ಕಡಿಮೆ, ಮತ್ತು ಹೊಸಬರು ಸಾಮಾನ್ಯವಾಗಿ ಆ ಅರ್ಧದಲ್ಲೇ ಇರುತ್ತಾರೆ. ಅವಳು ಎಚ್-4 ವೀಸಾದವಳು, ಅಂದರೆ ಕೆಲಸದ ವೀಸಾದವರ ಅವಲಂಬಿತರಿಗೆ ಕೊಡುವ ವೀಸಾ. ಕೆಲಸದ ಅನುಮತಿ ಕಾರ್ಡು ಕೈಯಲ್ಲಿದೆಯೇ, ಅದರ ಅವಧಿ ಎಂದಿಗೆ ಮುಗಿಯುತ್ತದೆ ಎಂದು ಮೊದಲು ಕೇಳಿದೆ. ನವೀಕರಣ ತಡವಾಗಿ ಕಾರ್ಡಿನ ಅವಧಿ ಮುಗಿದರೆ ಸಂಬಳ ಅಲ್ಲಿಗೇ ನಿಲ್ಲುತ್ತದೆ. ಕಾಲೇಜು ಅವಳನ್ನು ರಾಜ್ಯದ ನಿವಾಸಿ ಎಂದು ಒಪ್ಪಿದೆಯೇ ಎಂದೂ ಕೇಳಿದೆ. ಒಪ್ಪದಿದ್ದರೆ ಆ 46 ಡಾಲರಿನ ಲೆಕ್ಕವೇ ಬಿದ್ದುಹೋಗುತ್ತದೆ.

ಸೇರಬೇಡ ಎಂದು ಹೇಳಲಿಲ್ಲ. ಹೆಸರು ನೋಂದಾಯಿಸಿಕೊಂಡು, ಆ ವಾರವೇ ಸಣ್ಣ ಕಚೇರಿಗಳಿಗೆ ರಿಸೆಪ್ಷನಿಸ್ಟ್, ಫೈಲ್ ಕ್ಲರ್ಕ್ ಕೆಲಸಗಳಿಗೂ ಅರ್ಜಿ ಹಾಕು ಎಂದೆ. ಕೆಲಸ ಸಿಕ್ಕರೆ, ವರ್ಷ ತುಂಬಿದಾಗ ಘೋಷಣೆಗೆ ಸಹಿ ಹಾಕುತ್ತೀರಾ ಎಂದು ಕೆಲಸಕ್ಕೆ ಸೇರುವ ಮುಂಚೆಯೇ ಅಟಾರ್ನಿಯನ್ನು ಕೇಳಿಕೊಳ್ಳಬೇಕು. ಕೋರ್ಸ್ ಬಿಟ್ಟರೆ ಶುಲ್ಕ ವಾಪಸಾಗುವ ಕೊನೆಯ ದಿನಾಂಕ ಕಾಲೇಜಿನ ಕ್ಯಾಲೆಂಡರಿನಲ್ಲಿ ಇರುತ್ತದೆ. ಅಷ್ಟರೊಳಗೆ ಫೋನ್ ಬಂದರೆ ಕೆಲಸ, ಬರದಿದ್ದರೆ ತರಗತಿ.