‘ಪ್ರಾವಿಷನಲ್’ ಅಂತ ಹೇಳಲಿಲ್ಲ ಅಲ್ವಾ?

ಭಾನುವಾರ ಖಾರ್‌ಘರ್‌ನ ಗಾಲ್ಫ್ ಕೋರ್ಸ್‌ನಲ್ಲಿ ನನ್ನ ಚೆಂಡು ಹುಲ್ಲಿನಲ್ಲಿ ಮರೆಯಾಗಿ, ಮತ್ತೆ ಸಿಕ್ಕಿತು. ಸಿಕ್ಕಿದ್ದೇ ತಾಪತ್ರಯ.

ನಾನೂ ಭಾವನೂ ಚೆಂಬೂರಿನಿಂದ ಬೆಳಗ್ಗೆ ಐದೂವರೆಗೆಲ್ಲ ಹೊರಡುತ್ತೇವೆ. ಭಾವನದ್ದು ಹೋಟೆಲ್. ಉಡುಪಿ ಕಡೆಯವರು ಮುಂಬಯಿಗೆ ಬಂದು ಇನ್ನೇನು ಮಾಡುತ್ತಾರೆ! ನಾನೊಬ್ಬ ಬ್ಯಾಂಕಿಗೆ ಸೇರಿ ಕೆಟ್ಟೆ. ಸೋತವರು ತಿಂಡಿಯ ಬಿಲ್ ಕೊಡಬೇಕು, ಅದು ನಮ್ಮ ಪಣ.

ಮಳೆಗಾಲ ಬೇರೆ. ಗುಡ್ಡದ ಬದಿಯಲ್ಲಿ ಹುಲ್ಲು ಸೊಂಟದೆತ್ತರ. ನನ್ನ ಮೊದಲ ಹೊಡೆತ ಬಲಕ್ಕೆ ವಾಲಿ ಸೀದಾ ಅದರೊಳಗೆ ಹೋಯಿತು. “ಅಯ್ಯೋ, ಇನ್ನೊಂದು ಹೊಡೀತೇನೆ ಭಾವ” ಅಂದೆ. ಹೊಡೆದೆ. ಅದು ಹುಲ್ಲು ಕತ್ತರಿಸಿಟ್ಟ ಫೇರ್‌ವೇ ಮಧ್ಯದಲ್ಲೇ ಬಿತ್ತು. ಹುಡುಕಲು ಶುರು ಮಾಡಿ ಒಂದು ನಿಮಿಷವೂ ಆಗಿರಲಿಲ್ಲ, ಬ್ಯಾಗ್ ಹೊರುವ ಕ್ಯಾಡಿ ಹುಡುಗ “ಮಿಲ್ ಗಯಾ ಸಾಬ್” ಅಂತ ಕೂಗಿದ. ಹಸಿರು ಸ್ಕೆಚ್ ಪೆನ್ನಿನ ಎರಡು ಚುಕ್ಕೆ. ನನ್ನದೇ. ಪುಣ್ಯಕ್ಕೆ ಹುಲ್ಲು ಕಡಿಮೆ ಇದ್ದ ಜಾಗದಲ್ಲಿ ಕೂತಿತ್ತು.

“ಅದನ್ನು ಜೇಬಿಗೆ ಹಾಕ್ಕೊಳ್ಳಿ ಭಾವ. ನೀವು ಪ್ರಾವಿಷನಲ್ ಅಂತ ಹೇಳಲಿಲ್ಲ ಅಲ್ವಾ?” ಅಂದರು ಭಾವ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯೋದು.

ತಮಾಷೆ ಅಂದುಕೊಂಡೆ. ಅಲ್ಲ, ಗಾಲ್ಫ್‌ನ ನಿಯಮ 18.3. ಚೆಂಡು ಕಳೆದಿರಬಹುದು ಅನ್ನಿಸಿದರೆ ಅಲ್ಲಿಂದಲೇ ಇನ್ನೊಂದು ಹೊಡೆಯಬಹುದು. ಆದರೆ ಅದು ಪ್ರಾವಿಷನಲ್, ಅಂದರೆ ತಾತ್ಕಾಲಿಕ ಚೆಂಡು ಅಂತ ಮೊದಲೇ ಸ್ಪಷ್ಟವಾಗಿ ಹೇಳಿರಬೇಕು. ಸುಮ್ನೆ “ಇನ್ನೊಂದು ಹೊಡೀತೇನೆ” ಅಂದರೆ ಸಾಲದು. ಹಾಗಂದು ಹೊಡೆದ ಕ್ಷಣಕ್ಕೇ ಎರಡನೆಯದೇ ಆಟದ ಚೆಂಡು, ಮೊದಲನೆಯದರ ಕಥೆ ಮುಗಿಯಿತು. ಅದನ್ನು ಹೊಡೆದರೆ ತಪ್ಪು ಚೆಂಡು, ಎರಡು ಹೊಡೆತದ ಪೆನಲ್ಟಿ. ಮೊದಲ ಹೊಡೆತ, ಅದಕ್ಕೊಂದು ದಂಡ, ಮೇಲೆ ಇನ್ನೊಂದು ಹೊಡೆತ, ಆಗಲೇ ಮೂರು. ಎರಡನೇ ಹೊಡೆತ ಹೊಡೆಯಬೇಕಾದವನು ನಾಲ್ಕನೆಯದಕ್ಕೆ ನಿಂತಿದ್ದೆ!

ವಿಚಿತ್ರ ನೋಡಿ, ಬಾಯಲ್ಲಿ “ಹೋಯ್ತು ಬಿಡು” ಅಂದರೆ ಚೆಂಡು ಕಳೆದಂತಲ್ಲ. ಹುಡುಕಲು ಶುರು ಮಾಡಿದ ಮೇಲೆ ಮೂರು ನಿಮಿಷ ಕಳೆಯಬೇಕು. ಸ್ವಲ್ಪ ತಡವಾಗಿ ಸಿಕ್ಕರೂ ಇಲ್ಲ. 2019ಕ್ಕೆ ಮೊದಲು ಐದು ನಿಮಿಷ ಇತ್ತು. ಆ ಎರಡು ನಿಮಿಷ ಕಿತ್ತುಕೊಂಡಿದ್ದರ ಬಗ್ಗೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ, ಹಾವಿನ ಭಯದಲ್ಲಿ, ಕೋಲಿನಿಂದ ಹುಲ್ಲು ಸರಿಸುತ್ತಾ ಮೂರು ನಿಮಿಷವೇ ಜಾಸ್ತಿ. ಹುಡುಕುವಾಗ ಕಾಲು ತಗುಲಿ ಚೆಂಡು ಅಲುಗಿದರೆ ಈಗ ಪೆನಲ್ಟಿಯೂ ಇಲ್ಲ, ಮೊದಲಿದ್ದಲ್ಲೇ ಇಟ್ಟರಾಯಿತು. ನಾಯಿ ಕಚ್ಚಿಕೊಂಡು ಓಡಿದ್ದು ಕಂಡರೆ ಅದೂ ನಮ್ಮ ತಪ್ಪಲ್ಲ, ಇನ್ನೊಂದು ಇಟ್ಟು ಆಡಬಹುದು.

ಕಳೆದರೆ ಹಿಂದಕ್ಕೆ ಹೋಗಿ ಹೊಡೆಯಬೇಕು, ಮೇಲೆ ಒಂದು ಹೊಡೆತ ದಂಡ ಅನ್ನೋದು ಇಂದು ನಿನ್ನೆಯದಲ್ಲ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬರೆದ 13 ನಿಯಮಗಳಲ್ಲೂ ಇದೆ. ಅಲ್ಲಿ ಆ ದಂಡ ‘ದುರದೃಷ್ಟಕ್ಕೆ’ ಅಂತಲೇ ಬರೆದಿದ್ದಾರೆ. ಊರಲ್ಲಿ ಕ್ರಿಕೆಟ್ ಆಡುವಾಗ ಇದಕ್ಕಿಂತ ಸುಲಭ ಇತ್ತು. ಚೆಂಡು ಅಡಿಕೆ ತೋಟಕ್ಕೆ ಹೋದರೆ ಹೊಡೆದವನೇ ತರಬೇಕು, ಕತ್ತಲಾಗುವವರೆಗೂ ಟೈಮು.

2019ರಲ್ಲೇ ಬಂದ ಇನ್ನೊಂದು ದಾರಿ ಇದೆ. ಕೋರ್ಸಿನವರು ಒಪ್ಪಿದ್ದರೆ ವಾಪಸ್ ನಡೆಯುವುದು ಬೇಡ. ಎರಡು ಹೊಡೆತ ದಂಡ ಹಾಕಿಕೊಂಡು, ಚೆಂಡು ಕಳೆದ ಜಾಗದ ನೇರಕ್ಕೆ ಫೇರ್‌ವೇ ಅಂಚಿನಲ್ಲಿ ಇನ್ನೊಂದು ಚೆಂಡನ್ನು ಕೈಯಿಂದ ಬೀಳಿಸಿ (ಡ್ರಾಪ್) ಆಡಬಹುದು. ನಮ್ಮಂಥ ಭಾನುವಾರದ ಆಟಗಾರರಿಗೆ ಮಾಡಿಸಿದ ಹಾಗಿದೆ. ಆದರೆ ಅವತ್ತು ನನಗೆ ಅದೂ ಉಪಯೋಗಕ್ಕಿರಲಿಲ್ಲ. ನಾನು ಆಗಲೇ ಹೊಡೆದಾಗಿತ್ತಲ್ಲ.

ಎರಡು ಹೊಡೆತದಿಂದ ಸೋತೆ. ಸರಿಯಾಗಿ ಎರಡೇ!

ತಿಂಡಿ ಭಾವನ ಹೋಟೆಲಿನಲ್ಲೇ. ತನ್ನದೇ ಗಲ್ಲಾದಲ್ಲಿ ಕೂತು ನನ್ನಿಂದ ಬಿಲ್ ತೆಗೆದುಕೊಳ್ಳುವ ಮನುಷ್ಯ ಅವರು. ಮೊದಲ ದೋಸೆ ಬರೋದು ತಡವಾಯಿತು, ಮರೆತರೇನೋ ಅಂತ ಇನ್ನೊಂದು ಹೇಳಿದೆ. ಎರಡೂ ಒಟ್ಟಿಗೆ ಬಂದವು. ಒಂದನ್ನು ವಾಪಸ್ ಕಳಿಸಲು ಹೋದೆ.

“ಪ್ರಾವಿಷನಲ್ ಅಂತ ಹೇಳಿದ್ರಾ ಭಾವ?” ಅಂತ ಗಲ್ಲಾದಿಂದ ಕೇಳಿದರು.