ಬಿಸಿ ರೊಟ್ಟಿ, ಹರವಿಯ ನೀರು, ಮಾಳಿಗೆಯ ಮೇಲಿನ ನಿದ್ದೆ

ಬೆಳಗಾವಿಯ ಕುಂದಾ, ಗೋಕಾಕ ಮತ್ತು ಅಮೀನಗಡದ ಕರದಂಟು ಹಬ್ಬಕ್ಕಿರಲಿ, ಬೀಗರು ಬಂದಾಗ ಇರಲಿ. ಈ ಸೀಮೆಯಲ್ಲಿ ದಿನಾ ಕೈಗೆ ಸಿಗುವ ಸುಖಗಳು ಬೇರೆಯೇ ಇವೆ. ಹಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿ, ಏಪ್ರಿಲ್ ಮಧ್ಯಾಹ್ನ ಮಣ್ಣಿನ ಹರವಿಯಿಂದ ತುಂಬಿಕೊಂಡ ಒಂದು ತಂಬಿಗೆ ನೀರು, ರಾತ್ರಿ ಮಾಳಿಗೆಯ ಮೇಲೆ ಗಾಳಿಗೆ ಮೈಯೊಡ್ಡಿ ಮಲಗುವುದು. ಇವಕ್ಕೆ ಹೆಚ್ಚು ದುಡ್ಡು ಬೇಡ, ಆದರೆ ಹದ ಬೇಕು, ಹೊತ್ತು ಗೊತ್ತಿರಬೇಕು. ಎಸರು ಅರೆಬಿಸಿ ಇದ್ದರೆ ರೊಟ್ಟಿ ಬಿರಿಯುತ್ತದೆ. ಹರವಿ ಮೂಲೆ ಸೇರಿದರೆ ನೀರು ಬೆಚ್ಚಗೇ ಉಳಿಯುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಮಾಳಿಗೆಗೆ ನೀರು ಹೊಡೆದರೆ ಸೆಕೆ ಇನ್ನಷ್ಟು ಏರುತ್ತದೆ. ಎಷ್ಟೋ ಮನೆಗಳಲ್ಲಿ ಈ ಸುಖಗಳು ತಪ್ಪಿಹೋಗುವುದು ಇಂಥ ಸಣ್ಣ ಕಾರಣಗಳಿಗೇ.

ರೊಟ್ಟಿಯ ಮಾತು ಶುರುವಾಗಬೇಕಾದದ್ದು ಜೋಳದಿಂದ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರುವರಿ–ಮಾರ್ಚಿಗೆ ಕೊಯ್ಯುವ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ, ರೊಟ್ಟಿಗೆ ಹೇಳಿಮಾಡಿಸಿದ್ದು. ಡೋಣಿ ಹೊಳೆಯ ದಂಡೆಯಂಥ ಎರೆಭೂಮಿ ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಬೆಳೆ ಬಹುಮಟ್ಟಿಗೆ ಆ ತೇವದ ಮೇಲೆಯೇ ನಿಲ್ಲುತ್ತದೆ, ಕಾಳು ಕಟ್ಟುವಾಗ ಮಳೆಯ ಕಾಟ ಕಡಿಮೆ. ಹಾಗಾಗಿ ಕಾಳು ಹೊಳಪಾಗಿ, ಕಪ್ಪು ಕಲೆಯಿಲ್ಲದೆ ಬರುತ್ತದೆ. ಮುಂಗಾರಿ ಹೈಬ್ರಿಡ್ ಜೋಳ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕಿ ಕಪ್ಪಾಗುವುದುಂಟು. ಅಂಥ ಜೋಳದ ರೊಟ್ಟಿಗೆ ಬಣ್ಣವೂ ಇಲ್ಲ, ಸವಿಯೂ ಇಲ್ಲ. ಸಂತೆಯಲ್ಲಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡಿ. ಸಿಹಿ ಹತ್ತಬೇಕು, ಮುಗ್ಗಲು ವಾಸನೆ ಬರಬಾರದು.

ಬೀಸಿಸುವುದು ಎರಡು ವಾರಕ್ಕೆ ಸಾಲುವಷ್ಟೇ ಇರಲಿ, ಬೇಸಿಗೆಯಲ್ಲಿ ಒಂದೇ ವಾರಕ್ಕೆ ಸಾಕು. ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಹಿಟ್ಟು ಹಳತಾದಂತೆ ಕಹಿ ತಿರುಗುತ್ತದೆ, ಜಿಗಿಯೂ ಹೋಗುತ್ತದೆ. ಗಿರಣಿಯಿಂದ ತಂದ ಹಿಟ್ಟು ಬಿಸಿ ಇರುತ್ತದಲ್ಲ, ಅದನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಬೇಡಿ. ಒಳಗೇ ಬೆವತು ಗಂಟು ಕಟ್ಟುತ್ತದೆ. ಪರಾತದಲ್ಲಿ ಹರಡಿ ಪೂರ್ತಿ ಆರಿದ ಮೇಲೆ ತುಂಬಿ. ಗಿರಣಿಯವನಿಗೆ ಸಣ್ಣಗೆ ಬೀಸಲು ಹೇಳಿ. ತರಿ ಇದ್ದರೆ ರೊಟ್ಟಿಯ ಅಂಚು ಕೂಡಿಕೊಳ್ಳುವುದಿಲ್ಲ.

ಜೋಳದಲ್ಲಿ ಗೋಧಿಯ ಗ್ಲುಟನ್ ಇಲ್ಲ. ಹಿಟ್ಟನ್ನು ಹಿಡಿದಿಡುವ ಕೆಲಸ ಎಸರಿನದು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಅಂಟೇ ರೊಟ್ಟಿಯ ಬಲ. ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ತಾಸು ನಾದಿದರೂ ಅದು ಬರುವುದಿಲ್ಲ. 250 ಗ್ರಾಂ ಹಿಟ್ಟಿಗೆ 200ರಿಂದ 220 ಮಿಲಿ ನೀರು ಬೇಕು. ಹಳೆಯ ಹಿಟ್ಟಿಗೆ ಸ್ವಲ್ಪ ಹೆಚ್ಚು. ನೀರಿಗೆ ಚಿಟಿಕೆ ಉಪ್ಪು ಹಾಕಿ ಕೊತಕೊತ ಕುದಿಸಿ. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಎಸರಿನ ಮುಕ್ಕಾಲು ಪಾಲು ಸುರಿದು, ಸುತ್ತಲಿನ ಹಿಟ್ಟನ್ನು ಅದರ ಮೇಲೆಳೆದು, ಎರಡು ನಿಮಿಷ ಕೈ ಹಚ್ಚದೆ ಬಿಡಿ. ಆಮೇಲೆ ಚಮಚದಿಂದ ಕಲಸಿ, ಕೈ ತಾಳುವಷ್ಟು ಬಿಸಿಯಾದಾಗ ಉಳಿದ ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಒಟ್ಟಿಗೆ ಐದು ನಿಮಿಷ. ಇಷ್ಟರಲ್ಲಿ ನಾಲ್ಕೈದು ರೊಟ್ಟಿ ಆಗುತ್ತವೆ. ಎಲ್ಲವನ್ನೂ ಒಮ್ಮೆಲೇ ನಾದಿಟ್ಟರೆ ಕಡೆಯ ಮುದ್ದೆ ಒಣಗಿರುತ್ತದೆ. ಅದಕ್ಕೇ ಬಲ್ಲವರು ಒಂದೊಂದೇ ರೊಟ್ಟಿಗೆ ಬೇಕಾದಷ್ಟನ್ನು ತೆಗೆದು ಮತ್ತೊಮ್ಮೆ ನೀರು ಮುಟ್ಟಿಸಿ ನಾದುತ್ತಾರೆ.

ಬಡಿಯುವಾಗ ಕೆಳಗೆ ಒಣಹಿಟ್ಟು ಧಾರಾಳವಾಗಿರಲಿ. ಬಲಗೈ ಅಂಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತದೆ, ಏಟಿಗೊಂದಿಷ್ಟು ರೊಟ್ಟಿ ತಾನೇ ತಿರುಗುತ್ತದೆ. ತಿರುಗುವುದು ನಿಂತಿತೆಂದರೆ ಕೆಳಗೆ ಹಿಟ್ಟು ಸಾಲದೆ ಅಂಟಿದೆ ಎಂದು ತಿಳಿಯಿರಿ. ಆಗ ಜೋರು ಮಾಡಿದರೆ ಹರಿಯುತ್ತದೆ. ಅಂಚೆತ್ತಿ ಹಿಟ್ಟು ಉದುರಿಸಿ. ಎಂಟೊಂಬತ್ತು ಇಂಚು ಅಗಲ, ಎಲ್ಲ ಕಡೆ ಒಂದೇ ದಪ್ಪ. ಕಲಿಯುವವರ ಕೈಯಲ್ಲಿ ನಡು ತೆಳುವಾಗಿ ಅಂಚು ದಪ್ಪವಾಗುವುದು ಸಹಜ. ನಡುವಿಗೆ ಹಗುರ ಏಟು, ಅಂಚಿಗೆ ಬೆರಳಿನ ಏಟು ಎಂದು ರೂಢಿಸಿಕೊಂಡರೆ ಸರಿಹೋಗುತ್ತದೆ. ಅಂಚು ಹಲ್ಲುಹಲ್ಲಾಗಿ ಬಿರಿದರೆ ತಪ್ಪು ಬಡಿಯುವುದರಲ್ಲಿಲ್ಲ. ಎಸರು ಕುದಿದಿಲ್ಲ, ಇಲ್ಲವೇ ನಾದಿದ್ದು ಸಾಲದು, ಇಲ್ಲವೇ ಹಿಟ್ಟು ಹಳತು.

ಹಂಚು ಕಾದಿದೆಯೇ ಎಂದು ನೋಡಲು ಚಿಟಿಕೆ ಹಿಟ್ಟು ಉದುರಿಸಿ. ಐದಾರು ಸೆಕೆಂಡಿನಲ್ಲಿ ಕಂದು ಬಣ್ಣಕ್ಕೆ ಬಂದರೆ ಹದ. ಬಿದ್ದ ಕೂಡಲೇ ಕರಿದಾದರೆ ಉರಿ ಇಳಿಸಿ. ಒಣಹಿಟ್ಟು ಹತ್ತಿದ ಮೈ ಮೇಲೆ ಬರುವಂತೆ ಹಾಕಿ, ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಅಂಚಿನವರೆಗೂ ನೀರು ಸವರಿ. ಇಡೀ ರೊಟ್ಟಿಯ ಹಣೆಬರಹ ಮುಂದಿನ ಅರ್ಧ ನಿಮಿಷದಲ್ಲಿದೆ. ಸವರಿದ ನೀರು ಇನ್ನೂ ಹೊಳೆಯುತ್ತಿರುವಾಗ ಮಗುಚಿದರೆ ಹಂಚಿಗೆ ಅಂಟಿ ಸಿಪ್ಪೆ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮಗುಚಿದರೆ ಮೈ ಬಿರಿದು, ಆ ಬಿರುಕುಗಳಿಂದ ಆವಿ ಹೊರಬಿದ್ದು ರೊಟ್ಟಿ ಉಬ್ಬುವುದೇ ಇಲ್ಲ. ಹೊಳಪು ಹೋಗಿ ಮೈ ಮಂಕಾಗುವ ಗಳಿಗೆ ನೋಡಿ ತಿರುವಬೇಕು. ಎರಡನೆಯ ಮಗ್ಗಲು ಚುಕ್ಕಿ ಚುಕ್ಕಿಯಾಗಿ ಬೆಂದ ಮೇಲೆ ಮತ್ತೆ ತಿರುವಿ ಬಟ್ಟೆಯಿಂದ ಅಂಚು ಒತ್ತಿದರೆ ಒಳಗಿನ ಆವಿ ಎರಡು ಪದರ ಬಿಡಿಸಿ ಬುಸ್ಸೆಂದು ಉಬ್ಬಿಸುತ್ತದೆ. ಕಟ್ಟಿಗೆ ಒಲೆಯಿದ್ದರೆ ಕೆಂಡ ಮುಂದಕ್ಕೆಳೆದು ಒಲೆಯ ಬಾಯಿಗೆ ಆನಿಸಿ ಸುಡಿ. ಗ್ಯಾಸಿನ ಉರಿಗಿಂತ ಕೆಂಡದ ಕಾವು ಸಮನಾಗಿ ಹತ್ತುತ್ತದೆ. ಆ ರುಚಿಗೆ ಸಾಟಿಯಿಲ್ಲ.

ಉಣ್ಣುವುದು ಆಗಲೇ. ಆರಿದಂತೆ ಪಿಷ್ಟ ಬಿಗಿಯುತ್ತದೆ, ಅರ್ಧ ತಾಸಿನಲ್ಲಿ ರೊಟ್ಟಿ ನಾರಾಗುತ್ತದೆ. ಕಾಯ್ದಿಡಲೇಬೇಕಾದರೆ ಬಟ್ಟೆಯಲ್ಲಿ ಸುತ್ತಿ ಬಿದಿರಿನ ಬುಟ್ಟಿಯಲ್ಲಿಡಿ. ಸ್ಟೀಲ್ ಡಬ್ಬಿಯಲ್ಲಿ ಬೆವತು ಮೆತ್ತಗಾಗುತ್ತದೆ. ಇಲ್ಲವೇ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಿ ಖಡಕ್ ರೊಟ್ಟಿ ಮಾಡಿಬಿಡಿ, ತೇವ ತಾಕದಿದ್ದರೆ ತಿಂಗಳು ಇರುತ್ತದೆ. ಇನ್ನೊಂದು ಮಾತು ಹೇಳಲೇಬೇಕು. ಹೆಚ್ಚಿನ ಮನೆಗಳಲ್ಲಿ ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಕೊಟ್ಟ ಅವ್ವನ ಪಾಲಿಗೆ ಉಳಿಯುವುದು ಆರಿದ್ದೇ. ಬಡಿಯುವವರು ಒಬ್ಬರು, ನೀರು ಹಚ್ಚಿ ಮಗುಚುವವರು ಇನ್ನೊಬ್ಬರು ಎಂದು ಹಂಚಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಕೊನೆಯ ಎರಡು ರೊಟ್ಟಿಗೆ ಕೈ ಬದಲಾಗಲಿ, ಬಡಿದವರು ತಾಟಿನ ಮುಂದೆ ಕೂಡಲಿ. ನೀರು ಹಚ್ಚುವುದು, ಮಗುಚುವುದು ಗಂಡುಮಕ್ಕಳಿಗೆ ಒಂದು ವಾರದಲ್ಲಿ ಬರುತ್ತದೆ.

ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. 250 ಗ್ರಾಂ ಶೇಂಗಾ, ಎಂಟು ಹತ್ತು ಎಸಳು ಬಳ್ಳೊಳ್ಳಿ, ಎರಡು ಚಮಚ ಕೆಂಪು ಖಾರ, ಒಂದು ಚಮಚ ಜೀರಿಗೆ, ರುಚಿಗೆ ಉಪ್ಪು. ಶೇಂಗಾವನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲೇ ಹುರಿಯಬೇಕು. ದೊಡ್ಡ ಉರಿಯಲ್ಲಿ ಸಿಪ್ಪೆ ಕರಿದಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ ತೂರಿ ಒರಳಿನಲ್ಲಿ ಕುಟ್ಟಿ. ಬಿಸಿ ಇರುವಾಗಲೇ ಮಿಕ್ಸರಿಗೆ ಹಾಕಿ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮಿಕ್ಸರೇ ಗತಿಯಾದರೆ ತಡೆದು ತಡೆದು ತಿರುಗಿಸಿ. ಅಗಸಿ ಹಿಂಡಿಗೂ ಇದೇ ಕ್ರಮ. ಅಗಸಿ ಹುರಿಯುವಾಗ ಚಟಪಟ ಸದ್ದು ಕಡಿಮೆಯಾದೊಡನೆ ಇಳಿಸಬೇಕು, ತಡವಾದರೆ ಕಹಿ. ಹಿಂಡಿಯ ನಡುವೆ ಗುಳಿ ಮಾಡಿ ಹಸಿ ಶೇಂಗಾ ಎಣ್ಣೆ ಅಥವಾ ಗಟ್ಟಿ ಮೊಸರು, ಪಕ್ಕಕ್ಕೆ ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಮೊದಲೇ ಹೆಚ್ಚಿಡಬೇಡಿ, ಹೊತ್ತಾದಷ್ಟೂ ಘಾಟು ಏರುತ್ತದೆ. ಎಣಗಾಯಿ ಪಲ್ಯ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೂ ಊಟ ಕಡಿಮೆಯಾಗದು.

ಇನ್ನು ನೀರು. ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ಮುಟ್ಟುವಾಗ ಗಾಳಿಯೂ ಒಣಗಿರುತ್ತದೆ. ಮಣ್ಣಿನ ಹರವಿಗೆ ಬೇಕಾದದ್ದು ಅದೇ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಲೆಕ್ಕ ಹಾಕಿ ನೋಡಿ: 10 ಲೀಟರ್ ಹರವಿಯಲ್ಲಿ ಒಂದು ಲೋಟದಷ್ಟು, ಅಂದರೆ 200 ಮಿಲಿ ಆವಿಯಾದರೆ ಉಳಿದ ನೀರು ಹನ್ನೊಂದು ಹನ್ನೆರಡು ಡಿಗ್ರಿ ತಣ್ಣಗಾಗಬಲ್ಲದು. ಹೊರಗಿನ ಶಾಖ ಒಳಗೆ ಬರುತ್ತಲೇ ಇರುವುದರಿಂದ ನಿಜದಲ್ಲಿ ಅಷ್ಟು ಇಳಿಯುವುದಿಲ್ಲ. ಆದರೆ ನೆರಳು ಮತ್ತು ಗಾಳಿ ಎರಡೂ ಇದ್ದರೆ ಗಂಟಲಿಗೆ ಹಿತವಾಗುವಷ್ಟು ಖಂಡಿತ ಇಳಿಯುತ್ತದೆ. ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟ ಹರವಿ ತಣ್ಣಗಾಗದಿರುವುದು ಇದಕ್ಕೇ. ಪಡಸಾಲೆಯಲ್ಲಿ, ಗಾಳಿ ಆಡುವ ಬಾಗಿಲ ಎದುರು, ಒದ್ದೆ ಉಸುಕಿನ ಮೇಲೆ ಅಥವಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಇಡಿ. ಹರವಿಯ ಮೈಗೆ ಒದ್ದೆ ಗೋಣಿತಟ್ಟು ಸುತ್ತಿದರೆ ಇನ್ನೂ ಲೇಸು, ಅದು ಒಣಗದಂತೆ ನೋಡಿಕೊಳ್ಳಬೇಕು ಅಷ್ಟೆ.

ಕೊಳ್ಳುವಾಗ ಬೆರಳ ಗಂಟಿನಿಂದ ಬಡಿದು ನೋಡಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಒಡಕು ಸದ್ದು ಬಂದರೆ ಸೀಳಿದೆ. ಬಣ್ಣ ಬಳಿದ, ಹೊಳಪಿನ ಹರವಿ ನೋಡಲು ಚೆಂದ, ಆದರೆ ಬಣ್ಣ ಮಣ್ಣಿನ ರಂಧ್ರ ಮುಚ್ಚಿರುತ್ತದೆ. ಹೊಸ ಹರವಿಗೆ ಎರಡು ದಿನ ನೀರು ತುಂಬಿಟ್ಟು ಚೆಲ್ಲಿ, ಆಮೇಲೆ ಕುಡಿಯಲು ಬಳಸಿ. ಸೋಪು ಎಂದೂ ಬೇಡ, ಮಣ್ಣು ಅದನ್ನು ಹೀರಿ ವಾಸನೆ ಹಿಡಿಯುತ್ತದೆ. ತೆಂಗಿನ ನಾರು ಸಾಕು. ಬೋರ್‌ವೆಲ್ ನೀರು ತುಂಬುವ ಮನೆಯಲ್ಲಿ ತಿಂಗಳೆರಡು ತಿಂಗಳಿಗೆ ಹರವಿಯ ಹೊರಮೈಗೆ ಬಿಳಿ ಉಪ್ಪು ಕಟ್ಟುತ್ತದೆ. ಅದನ್ನು ತಿಕ್ಕಿ ತೆಗೆಯದಿದ್ದರೆ ಜಿನುಗುವುದು ನಿಂತು ನೀರು ತಣ್ಣಗಾಗುವುದಿಲ್ಲ. ತಿಕ್ಕಿದರೂ ಜಿನುಗದಿದ್ದರೆ ಹರವಿಯ ಆಯುಷ್ಯ ಮುಗಿಯಿತು, ಅದರಲ್ಲಿ ತುಳಸಿ ನೆಡಿ. ಬಿಸಿಲಿನಿಂದ ಬಂದವರಿಗೆ ಈ ನೀರಿನಲ್ಲಿ ಇಂಡಿ ಊರಿನ ಅರ್ಧ ಲಿಂಬೆ ಹಿಂಡಿ, ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ ಕದಡಿ ಕೊಟ್ಟರೆ ಬೇರೆ ಪಾನಕ ಬೇಡ. ಬೆಳಗಾವಿ ಕಡೆ ಮಳೆ ಹಿಡಿದ ಮೇಲೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ಹರವಿ ಅಷ್ಟು ಕೆಲಸ ಮಾಡದು. ಆಗ ತೊಳೆದು, ಒಣಗಿಸಿ, ಬೋರಲು ಹಾಕಿಡಬಹುದು.

ಮಾಳಿಗೆಯ ನಿದ್ದೆಗೆ ತಯಾರಿ ಸಂಜೆಯೇ ಆಗಬೇಕು. ಮಣ್ಣಿನ ಮಾಳಿಗೆಗಳು ಕಡಿಮೆಯಾಗಿ ಈಗ ಎಲ್ಲೆಡೆ ಕಾಂಕ್ರೀಟ್ ಸ್ಲ್ಯಾಬ್. ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹೊರಬಿಡುತ್ತದೆ. ಬಿಸಿಲಿರುವಾಗಲೇ ನೀರು ಹೊಡೆದರೆ ಹಬೆಯೆದ್ದು ಒಣಗುತ್ತದೆ, ಬಿಸಿಲು ಮತ್ತೆ ಕಾಯಿಸುತ್ತದೆ, ನೀರು ದಂಡ. ಹೊತ್ತು ಮುಳುಗಿದ ಮೇಲೆ ಒಮ್ಮೆ, ಊಟಕ್ಕೆ ಮುಂಚೆ ಇನ್ನೊಮ್ಮೆ, ತೆಳ್ಳಗೆ ಚಿಮುಕಿಸಿ, ನಿಲ್ಲುವಷ್ಟು ಬೇಡ. ಕುಡಿಯುವ ನೀರಿಗೇ ಪರದಾಡುವ ಓಣಿಯಲ್ಲಿ ಬಟ್ಟೆ ಹಿಂಡಿದ ನೀರು ಸಾಕು. ಮಲಗುವ ಹೊತ್ತಿಗೆ ನೆಲ ಒಣಗಿರಬೇಕು. ಹಗ್ಗ ಅಥವಾ ನವಾರಿನ ಹೊರಸು (ಮಂಚ) ಇದ್ದರೆ ಅದೇ ಶ್ರೇಷ್ಠ, ಬೆನ್ನ ಕೆಳಗೂ ಗಾಳಿ ಆಡುತ್ತದೆ. ಪ್ಯಾರಾಪೆಟ್ ಗೋಡೆಗೆ ತಾಗಿಸಿ ಹಾಕಬೇಡಿ, ಗೋಡೆ ಗಾಳಿ ತಡೆಯುವುದಲ್ಲದೆ ತಾನೂ ಕಾವು ಬಿಡುತ್ತದೆ.

ಹಾಸಲು ಹೊದೆಯಲು ಕೌದಿ. ಹಳೆಯ ನೂಲಿನ ಇಲಕಲ್ ಸೀರೆ, ಧೋತರ, ಇವನ್ನು ಮೂರು ನಾಲ್ಕು ಪದರ ಜೋಡಿಸಿ ಬೆರಳಗಲದ ಸಾಲಿನಲ್ಲಿ ಹೊಲಿದದ್ದು. ಒಗೆದು ಒಗೆದು ಮೆತ್ತಗಾದ ಅರಿವೆಯೇ ಬೇಕು, ಹೊಸ ಬಟ್ಟೆ ಬಿರುಸು. ಪಾಲಿಯೆಸ್ಟರ್ ಸೀರೆಯ ಒಂದು ಪದರ ಸೇರಿಸಿದರೂ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ. ಸಾಲು ಅಗಲವಾದರೆ ನಾಲ್ಕು ಒಗೆತಕ್ಕೆ ಒಳಪದರ ಮುದ್ದೆಗಟ್ಟುತ್ತದೆ. ನೆನೆದ ಕೌದಿ ಬಲು ಭಾರ, ಒಣಗಲು ಎರಡು ದಿನದ ಬಿಸಿಲು ಬೇಕು. ಹಾಗಾಗಿ ಒಗೆಯುವುದು ಬೇಸಿಗೆಯಲ್ಲೇ. ಇಬ್ಬರು ಎದುರುಬದುರು ನಿಂತು ಹಿಂಡಿ, ಮಗ್ಗಲು ಬದಲಿಸುತ್ತ ಒಣಗಿಸಿ. ಬೆಳಗಾವಿಯವರು ಮೇ ತಿಂಗಳಲ್ಲೂ ಬೆಳಗಿನ ಜಾವಕ್ಕೆ ಒಂದು ಕೌದಿ ಕಾಲ ಬಳಿ ಇಟ್ಟುಕೊಳ್ಳಬೇಕು. ಸಹ್ಯಾದ್ರಿ ಕಡೆಯ ಪಡುವಣ ಗಾಳಿ ಅಲ್ಲಿ ಬೇಗ ತಂಪಾಗುತ್ತದೆ. ವಿಜಯಪುರದಲ್ಲಿ ಹಾಸಿಕೊಳ್ಳಲು ಒಂದಿದ್ದರೆ ಆಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ರಾತ್ರಿ ಗುಡುಗಿನ ಮಳೆ ಬರುವುದೂ ಇದೇ ಸೀಮೆಯ ರೂಢಿ. ಮೋಡ ಇನ್ನೂ ದೂರ ಇದೆ ಎಂದು ಮಲಗಿಯೇ ಇರಬೇಡಿ. ಮಿಂಚು ಕಂಡ ಮೇಲೆ ಎಣಿಸಿ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ಹೊರಸು ಅಲ್ಲೇ ನೆನೆಯಲಿ, ಮಕ್ಕಳನ್ನು ಎಬ್ಬಿಸಿಕೊಂಡು, ಕೌದಿ ಹೆಗಲಿಗೆ ಹಾಕಿಕೊಂಡು ಕೂಡಲೇ ಕೆಳಗಿಳಿಯಿರಿ.