ಅಡಿಕೆ ದುಡ್ಡಲ್ಲಿ ಬಂದ ಎಡಿಟಿಂಗ್ ಕಂಪ್ಯೂಟರ್

ಕಳೆದ ಕೊಯ್ಲಿನಲ್ಲಿ ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರ ಹಿಂದೆ ಕ್ಯಾಮೆರಾ ಹಿಡಿದು ತಿರುಗಿದೆ. ಮರದಿಂದ ಮರಕ್ಕೆ ದಾಟುವುದು, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರ ಮಾತು, ಅಡಿಕೆ ಬೇಯಿಸುವ ಹಂಡೆ. ಎಲ್ಲ ಸೇರಿ ಒಂಬತ್ತು ಗಂಟೆ ಫೂಟೇಜ್.

ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕಿದರೆ ಕೊನೆಗಾರರು ಎರಡು ಮರದ ನಡುವೆ ಗಾಳಿಯಲ್ಲೇ ನಿಂತುಬಿಟ್ಟರು. ಸೌಂಡ್ ಮಾತ್ರ ಮುಂದೆ ಹೋಗುತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ಅಪ್ಪಯ್ಯ, "ಬೇಗ ಇಳಿಸೇ ಮಾರಾಯ್ತಿ, ಪಾಪ, ಕೈ ಸೋತೀತು" ಅಂದರು.

ಅಡಿಕೆ ಮಾರಿದ ಮೇಲೆ ಅವರೇ 45 ಸಾವಿರ ಕೊಟ್ಟರು. ತೀರ್ಥಹಳ್ಳಿಯಿಂದ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಒಂದು ಅಂಗಡಿಯಲ್ಲಿ ಬಣ್ಣಬಣ್ಣದ ಲೈಟು ಉರಿಯುವ ಗೇಮಿಂಗ್ ಕಂಪ್ಯೂಟರ್ ತೋರಿಸಿದರು. ರ್‍ಯಾಮ್ 8 ಜಿಬಿ, ಡಿಸ್ಕ್ 256 ಜಿಬಿ. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತೆ, ಅಂದರೆ ಗಂಟೆಗೆ 45 ಜಿಬಿ. ಒಂಬತ್ತು ಗಂಟೆಗೆ 405. ಅಷ್ಟು ದುಡ್ಡು ಕೊಟ್ಟು ತಂದರೂ ಫೂಟೇಜ್ ಒಳಗೇ ಹಿಡಿಸಲ್ಲ! ಬರಿಗೈಲಿ ವಾಪಸ್ ಬಂದೆ.

ಲ್ಯಾಪ್‌ಟಾಪ್ ಯಾಕೆ ಒದ್ದಾಡಿತು ಅಂತ ಆಮೇಲೆ ಅರ್ಥವಾಯಿತು. ನನ್ನ ಕ್ಯಾಮೆರಾದ ಫೈಲು ಎಚ್.264, ಅಂದರೆ ವಿಡಿಯೋವನ್ನು ಕುಗ್ಗಿಸಿ ಇಡುವ ಒಂದು ಬಗೆ. ಅದರಲ್ಲಿ ಸಾಮಾನ್ಯವಾಗಿ ಎಲ್ಲ ಫ್ರೇಮೂ ಪೂರ್ತಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಚಿತ್ರ, ನಡುವೆ ಏನು ಬದಲಾಯಿತೋ ಅಷ್ಟೇ. ಸುಮ್ನೆ ನೋಡುವಾಗ ತೊಂದರೆಯಿಲ್ಲ. ಎಡಿಟ್ ಮಾಡುತ್ತಾ ಹಿಂದೆ ಮುಂದೆ ಎಳೆದಾಗೆಲ್ಲ ಪ್ರೊಸೆಸರ್ ಹಿಂದಿನ ಪೂರ್ತಿ ಚಿತ್ರ ಹುಡುಕಿ, ಅಲ್ಲಿಂದ ಮತ್ತೆ ಕಟ್ಟಿಕೊಂಡು ಬರಬೇಕು. ಇದಕ್ಕೆ ಮದ್ದು ಪ್ರಾಕ್ಸಿ. ಪ್ರತಿ ಕ್ಲಿಪ್ಪಿಗೂ ಒಂದು ಸಣ್ಣ, ಹಗುರ ಕಾಪಿ ಮಾಡಿಕೊಂಡು ಅದರಲ್ಲಿ ಕತ್ತರಿಸುವುದು. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಅಸಲಿ ಫೈಲು ತೆಗೆದುಕೊಳ್ಳುತ್ತೆ. ಇದು ಗೊತ್ತಾದ ಮೇಲೆ ಹೊಸ ಮೆಷಿನ್ನಿನ ಆಸೆ ಬಿಟ್ಟೆ.

ಬೆಂಗಳೂರಿನಲ್ಲಿರುವ ಬಾವ ಎಸ್‌.ಪಿ. ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ತಂದುಕೊಟ್ಟರು. ಎಂಟನೇ ಜನರೇಷನ್ ಐ5 ಪ್ರೊಸೆಸರ್, 17 ಸಾವಿರ. ಉಳಿದ ದುಡ್ಡಲ್ಲಿ ರ್‍ಯಾಮ್ 16 ಜಿಬಿ ಮಾಡಿಸಿದೆ, ವೇಗದ ಡಿಸ್ಕ್ ಎಸ್‌ಎಸ್‌ಡಿ ಹಾಕಿಸಿದೆ, ಹಳೇ ಮಾನಿಟರ್ ಒಂದು ತಗೊಂಡೆ. 2 ಟಿಬಿಯ ಹಾರ್ಡ್ ಡಿಸ್ಕ್ ಎರಡು. ಒಂದು ಕೆಲಸಕ್ಕೆ, ಇನ್ನೊಂದು ಅದರದೇ ನಕಲು, ಅಕ್ಕಿ ಡಬ್ಬದ ಪಕ್ಕ ಒಣಗಿದ ಜಾಗದಲ್ಲಿ. ಆಮೇಲೆ ಯುಪಿಎಸ್. ನಮ್ಮೂರ ಮಳೆಗಾಲದ ಕರೆಂಟ್ ಗೊತ್ತಲ್ವಾ? ಗ್ರಾಫಿಕ್ಸ್ ಕಾರ್ಡಿಗೆ ದುಡ್ಡೇ ಉಳಿಯಲಿಲ್ಲ.

ಹಾಗಾಗಿ ಎಡಿಟಿಂಗ್ ಸಾಫ್ಟ್‌ವೇರನ್ನು ಮೆಷಿನ್ನೇ ಆರಿಸಿಕೊಂಡಿತು ಅನ್ನಬಹುದು. ಪ್ರೀಮಿಯರ್‌ಗೆ ತಿಂಗಳ ಬಾಡಿಗೆ. ವರ್ಷಕ್ಕೊಮ್ಮೆ ದುಡ್ಡು ನೋಡುವ ನಮ್ಮಂಥ ಮನೆಗೆ ಅದು ಒಗ್ಗಲ್ಲ. ಡಾವಿಂಚಿ ರಿಸಾಲ್ವ್ ಬಿಟ್ಟಿಯಾಗಿಯೂ ಸಿಗುತ್ತೆ, ಬಣ್ಣದ ಕೆಲಸಕ್ಕೆ ಬಲು ಚೆಂದ. ಆದರೆ ಅದಕ್ಕೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನ ಮೆಷಿನ್ನಿನಲ್ಲಿ ಎರಡು ಕ್ಲಿಪ್ ಹಾಕುವಷ್ಟರಲ್ಲಿ ಮೆಮೊರಿ ಸಾಲದು ಅಂತ ಹಟ ಹಿಡಿಯಿತು. ಕೆಡೆನ್‌ಲೈವ್ ಪೂರ್ತಿ ಉಚಿತ, ಓಪನ್ ಸೋರ್ಸ್, ಕೆಲಸ ಬಹುಪಾಲು ಪ್ರೊಸೆಸರ್ ಮೇಲೆಯೇ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದೆ. ಬೆಳಿಗ್ಗೆ ದೋಸೆ ತಿಂದು ಕೂತರೆ ಕೊನೆಗಾರರು ಸರಾಗವಾಗಿ ದಾಟುತ್ತಿದ್ದರು.

ಕನ್ನಡದಲ್ಲಿ ಟೈಟಲ್ ಹಾಕುವವರು ಯಾವ ಸಾಫ್ಟ್‌ವೇರ್ ಆದರೂ ಮೊದಲು 'ತೀರ್ಥಹಳ್ಳಿ' ಅಂತ ಟೈಪ್ ಮಾಡಿ ನೋಡಿ. ಅರ್ಕಾವತ್ತು, ಒತ್ತಕ್ಷರ ಎರಡೂ ಇದೆ. ಕೆಲವು ಕಡೆ ಸೆಟ್ಟಿಂಗ್ ಬದಲಿಸದಿದ್ದರೆ ಅಕ್ಷರ ಚೂರುಚೂರಾಗುತ್ತೆ. ಕೆಡೆನ್‌ಲೈವ್‌ನಲ್ಲಿ ನೆಟ್ಟಗೆ ಬಂತು.

ಪೇಚಾಡಿದ್ದು ಮೊಬೈಲಿನ ಕ್ಲಿಪ್‌ಗಳಲ್ಲಿ. ಮೊಬೈಲ್ ಶೂಟ್ ಮಾಡುವಾಗಲೇ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದನ್ನು, ಹೆಚ್ಚುಕಮ್ಮಿ ಮಾಡುತ್ತೆ. ಉದ್ದದ ಕ್ಲಿಪ್ಪಿನ ಕೊನೆಗೆ ಬರುವಷ್ಟರಲ್ಲಿ ಸುಲಿಯುವವರ ತುಟಿ ಒಂದು ಕಡೆ, ಮಾತು ಒಂದು ಕಡೆ. ಎಲ್ಲವನ್ನೂ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದೇ ಫ್ರೇಮ್ ರೇಟಿಗೆ ತಂದು ಮತ್ತೆ ಹಾಕಿದೆ. ಮೂರು ದಿನ ಹೋಯಿತು.

ಒಂಬತ್ತು ಗಂಟೆ ಈಗ 22 ನಿಮಿಷಕ್ಕೆ ಇಳಿದಿದೆ. ಬಣ್ಣ ತಿದ್ದುವುದು ಬಾಕಿ. ಹಬ್ಬಕ್ಕೆ ಬಾವ ಗ್ರಾಫಿಕ್ಸ್ ಕಾರ್ಡ್ ಇರುವ ತಮ್ಮ ಲ್ಯಾಪ್‌ಟಾಪ್ ತರುತ್ತಾರಂತೆ. ಹಂಡೆ ಎದುರಿನ ಒಂದೆರಡು ಶಾಟ್ ಮಾತ್ರ ಅದರಲ್ಲಿ ರಿಸಾಲ್ವ್‌ಗೆ ಹಾಕಿ ನೋಡಬೇಕು. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಕೆಂಪು ನನ್ನ ಹಳೇ ಮಾನಿಟರ್‌ನಲ್ಲಿ ಕಾಫಿ ಹಾಗೆ ಕಾಣುತ್ತಿದೆ.